ಸೋರುವ ಹೂಜಿಗೆ ಸುತ್ತಿಗೆ ಏಟು

ಜಪಾನಿನ ಪಿಂಗಾಣಿ ಊರಾದ ಹಸಾಮಿಯ ಗುಡ್ಡಕ್ಕೆ ಈಗಷ್ಟೇ ಬೆಳಕು ಮೂಡುತ್ತಿದೆ. ಹೂಜಿ ಸುಡುವ ಆವಿಗೆಯ ಬಾಗಿಲು ತೆರೆದಿದೆ. ಕಿಶಿಕಾವಾ ತೊಮಿಯೆ ಇನ್ನೂ ಬೆಚ್ಚಗಿರುವ ಪಿಂಗಾಣಿ ಹೂಜಿಯೊಂದಕ್ಕೆ ನೀರು ತುಂಬಿ, ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಬಗ್ಗಿಸುತ್ತಾರೆ. ಕೈ ನೆಟ್ಟಗಾದೊಡನೆ ಧಾರೆ ನಿಲ್ಲಬೇಕು. ನಿಲ್ಲುವುದಿಲ್ಲ, ಹನಿಯೊಂದು ಮೂತಿಯಿಂದ ಹೂಜಿಯ ಹೊಟ್ಟೆಗೆ ಜಾರುತ್ತದೆ. ಸುತ್ತಿಗೆಯಿಂದ ಒಂದೇ ಏಟು.

"ಜೊಲ್ಲು ಸುರಿಸಿದ್ರೆ ಕೂಸಿಗೆ ಚಂದ. ಚಹಾ ಹೂಜಿಗಲ್ಲ," ಎನ್ನುತ್ತಾರೆ.

ತೊಮಿಯೆಗೆ ಅರವತ್ತೊಂದು. ಪಿಂಗಾಣಿಯ ಮೇಲೆ ಹೂಬಳ್ಳಿ ಬರೆಯಲೆಂದು ಹುಡುಗಿಯಾಗಿದ್ದಾಗಲೇ ಈ ಕಾರ್ಖಾನೆಗೆ ಸೇರಿದವರು. ಕಣ್ಣು ಮಂಜಾದ ಮೇಲೆ ಪರೀಕ್ಷೆಯ ಕೆಲಸಕ್ಕೆ ಕೂತರು. ದಿನಕ್ಕೆ ಇನ್ನೂರರಷ್ಟು ಹೂಜಿಗಳು ಅವರ ಕೈ ದಾಟಬೇಕು. ಚಳಿಗಾಲದ ನೀರಿಗೆ ಬೆರಳುಗಳು ಒಡೆದು ರಕ್ತ ಜಿನುಗುತ್ತದೆ. ಫೋಟೊ ತೆಗೆಯಲು ಬರುವವರು ಮಣ್ಣಿಗೆ ರೂಪ ಕೊಡುವ ತಿರುಗಣೆಯ ಮುಂದೆಯೇ ನಿಲ್ಲುತ್ತಾರೆ. ಇತ್ತ ಯಾರೂ ತಿರುಗಿ ನೋಡುವುದಿಲ್ಲ.

ಅದಕ್ಕೆಲ್ಲ ಅವರಿಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಕಳೆದ ವಸಂತದಲ್ಲಿ.

ಮುರಿದ ಹೂಜಿ ಹಿಡಿದು ಹೆಂಗಸೊಬ್ಬರು ಬಂದಿದ್ದರು. ಚಹಾ ಬಗ್ಗಿಸುವಾಗ ಹಿಡಿ ಕಳಚಿ, ಅವರ ತಾಯಿಯ ತೊಡೆಯೆಲ್ಲ ಬೆಂದಿತ್ತು. ತೊಮಿಯೆ ಹೂಜಿಯ ಅಡಿ ನೋಡಿದರು. ಒರೆಸಿದರೂ ಪೂರ್ತಿ ಹೋಗದ ಕೆಂಪು ಗೀಟು. ಹಿಡಿಯಲ್ಲಿ ಬಿರುಕಿದೆ, ಒಡೆಯಿರಿ ಎಂದು ಅವರೇ ಎಳೆದ ಗೀಟು ಅದು. ಒಡೆಯಲೆಂದು ತೆಗೆದಿಟ್ಟ ಹೂಜಿಗಳನ್ನು ಕಾರ್ಖಾನೆಯ ಯಜಮಾನ ಯೋಶಿತಾಕೆ ಹಿಂಬಾಗಿಲಿನಿಂದ ಟೋಕಿಯೊದ ಅಂಗಡಿಯೊಂದಕ್ಕೆ ಸಾಗಿಸುತ್ತಿದ್ದ. 'ಕುಂದೇ ಕೈಕೆಲಸದ ಅಂದ' ಎಂಬ ಚೀಟಿ ಬೇರೆ!

"ಈಗಿನವರಿಗೆ ಅಂಥದ್ದೇ ಇಷ್ಟ, ತೊಮಿಯೆ-ಸಾನ್. ನಿಮಗ್ಯಾಕೆ ಆ ಉಸಾಬರಿ?" ಎಂದ ಯೋಶಿತಾಕೆ.

"ಸುಟ್ಟ ತೊಡೆನೂ ಅಂದವೇನ್ರಿ? ಹಾಗಾದ್ರೆ ನಿಮ್ಮಮ್ಮಂಗೇ ಅದರಲ್ಲಿ ಚಹಾ ಬಗ್ಗಿಸಿ ಕೊಡಿ!"

ಅಂದು ಹಿತ್ತಿಲಲ್ಲಿ ಪೇರಿಸಿಟ್ಟಿದ್ದ ಕೆಟ್ಟ ಹೂಜಿಗಳಲ್ಲಿ ಒಂದನ್ನೂ ಅವರು ಒಡೆಯದೆ ಬಿಡಲಿಲ್ಲ. "ನಾಳೆಯಿಂದ ಬರಬೇಡಿ," ಎಂದ ಯಜಮಾನ. ತೊಮಿಯೆ ಅಂಗಿಯ ಮೇಲಿನ ಚೂರು ಕೊಡವಿಕೊಂಡು ಮನೆಗೆ ನಡೆದರು.

ಮರುದಿನ ಹೂಜಿಗಳಿಗೆ ಮೂತಿ, ಹಿಡಿ ಅಂಟಿಸುವ ಹಿರಿಯ ಫುಕುದಾ ಕಾಂಜಿ ಕೈಕಟ್ಟಿ ಕೂತರು. "ಯಾರ ಮೈ ಸುಡೋಕೆ ಅಂಟಿಸ್ಲಿ? ಆಕೆ ಬರೋ ತನಕ ನಾನು ಮಣ್ಣು ಮುಟ್ಟಲ್ಲ." ತಿರುಗಣೆಯವರೂ ಕೆಲಸ ಬಿಟ್ಟು ಎದ್ದರು. ವಾರ ಕಳೆಯುವಷ್ಟರಲ್ಲಿ ಯೋಶಿತಾಕೆ ತೊಮಿಯೆಯ ಹೊಸ್ತಿಲಲ್ಲಿ ತಲೆಬಾಗಿಸಿ ನಿಂತಿದ್ದ. ಅವರು ಒಡ್ಡಿದ ಷರತ್ತು ಒಂದೇ: ಕೆಟ್ಟದ್ದನ್ನು ತೆಗೆದಿಡುವುದಿಲ್ಲ, ಅಲ್ಲೇ ಒಡೆಯುತ್ತೇನೆ. ಸುತ್ತಿಗೆ ಪಕ್ಕಕ್ಕೆ ಬಂದದ್ದು ಹಾಗೆ.

ಯೋಶಿತಾಕೆ ಇಂದಿಗೂ ಅವರನ್ನು ನೆಟ್ಟಗೆ ನೋಡಿ ಮಾತಾಡುವುದಿಲ್ಲ. ತೊಮಿಯೆಯ ಸಿಟ್ಟೂ ಇಳಿದಿಲ್ಲ. "ತೊಡೆ ಬೆಂದ ಆ ಅಜ್ಜಿ ಹತ್ರ ಅವನು ಒಂದು ಸಲ ಕ್ಷಮೆ ಕೇಳ್ಬೇಕಿತ್ತು. ನಾನೇ ಹೋಗಿ ಕೇಳಿ ಬಂದೆ," ಎನ್ನುತ್ತಾರೆ.

ಅಂಗಡಿಗಳಲ್ಲಿ ಸಾಲಾಗಿ ನಿಲ್ಲುವ ಹೂಜಿಗಳಲ್ಲಿ ನಿಮ್ಮದು ಯಾವುದು ಎಂದು ಕೇಳಿದರೆ ಅವರು ಮುಂದಿನ ಹೂಜಿಗೆ ನೀರು ತುಂಬುತ್ತಾ ಇಲ್ಲವೆಂದು ತಲೆಯಾಡಿಸುತ್ತಾರೆ.

"ಅಲ್ಲಿರೋದೆಲ್ಲ ತಿರುಗಣೆಯವರು ಮಾಡಿದ್ದು. ಅಲ್ಲಿ ಇಲ್ದೇ ಇರೋದು ನನ್ನದು."