ಆದಾಯ: ಇಲ್ಲ

ಅದು 2022. ಉಡುಪಿಯಲ್ಲಿ ಕೌಟುಂಬಿಕ ಪ್ರಕರಣಗಳ ವಕೀಲಿ ಶುರುಮಾಡಿ ನನಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಮಣಿಪಾಲದ ಪ್ರೊಫೆಸರುಗಳಿಂದ ಹಿಡಿದು ಕಾಪುವಿನ ಮೀನು ಮಾರುವ ಹೆಂಗಸರವರೆಗೆ ಎಲ್ಲರ ಸಂಸಾರದ ಜಗಳವೂ ನನ್ನ ಮೇಜಿಗೆ ಬಂದಿತ್ತು. ಜೊತೆಗೆ, ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಸೊಕ್ಕೂ ಬಂದಿತ್ತು. ಅದನ್ನು ಇಳಿಸಿದವಳು ಶಂಕರಪುರದ ಸುಜಾತ.

ಅವಳಿಗೆ ಆಗ ನಲವತ್ತೊಂದು ವರ್ಷ. ಗಂಡನಿಗೆ ಕಾರ್ಕಳದಲ್ಲಿ ಟೈಲ್ಸ್ ಅಂಗಡಿ. ಅಲ್ಲೇ ಬೇರೆ ಮನೆ ಮಾಡಿಕೊಂಡು ವಿಚ್ಛೇದನಕ್ಕೆ ಅರ್ಜಿ ಹಾಕಿದ್ದ. ಶಂಕರಪುರದ ಮನೆ, ಹಿತ್ತಿಲು ಎಲ್ಲವೂ ಅವನ ಹೆಸರಿನಲ್ಲಿ. ಹಿತ್ತಿಲಿನಲ್ಲಿ ಮಾತ್ರ ಸುಜಾತ ಹದಿನಾಲ್ಕು ವರ್ಷ ಸಾಕಿದ ಅರುವತ್ತು ಮಲ್ಲಿಗೆ ಗಿಡಗಳಿದ್ದವು. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಕಟ್ಟೆಯ ವ್ಯಾಪಾರಿಗೆ ಕೊಡುವುದು ಅವಳ ದಿನಚರಿ.

"ಮನೆ ಬೇಡ ಅಕ್ಕ. ಗಿಡ ಇರುವ ಜಾಗ ಒಂದು ನನಗೆ ಬರುವ ಹಾಗೆ ಮಾಡಿ" ಎಂದಳು.

ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು. ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಎಂಬ ನಿಯಮ ನಮ್ಮಲ್ಲಿಲ್ಲ. ಕೇಳಬಹುದಾದದ್ದು ಜೀವನಾಂಶ; ಜಾಗ ಬೇಕಾದರೆ ಮಾತುಕತೆಯಲ್ಲೇ ಗಿಟ್ಟಿಸಬೇಕು. ಈಚಿನ ವರ್ಷಗಳಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಗಂಡ-ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣ ಮಾಡಿ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. ಮೊದಲಿನ ಹಾಗೆ ಬಾಯಿಗೆ ಬಂದದ್ದು ಹೇಳಿ ದಾಟುವಂತಿಲ್ಲ.

ನಾನೋ ಹಳೆಯ ಚಾಳಿಯವಳು. ಹೆಂಡತಿಗೆ ಆದಾಯವಿಲ್ಲ ಎಂದರೆ ಜೀವನಾಂಶ ಜಾಸ್ತಿ ಎಂಬ ಲೆಕ್ಕಾಚಾರ ನನಗೆ ಬಾಯಿಪಾಠವಾಗಿತ್ತು. ಉದ್ಯೋಗದ ಎದುರು 'ಗೃಹಿಣಿ', ಆದಾಯದ ಎದುರು 'ಇಲ್ಲ' ಎಂದು ಟೈಪ್ ಮಾಡಿಸಿದೆ. ಸುಜಾತ ನಿಧಾನವಾಗಿ ಓದಿದಳು.

"ಅಕ್ಕ, ಹೂವಿನದ್ದು ಬರೆಯಲೇ ಇಲ್ಲ ಅಲ್ವಾ?"

"ಹೂ ಕಟ್ಟುವುದನ್ನೆಲ್ಲ ಉದ್ಯೋಗ ಅಂತ ಬರೆಯಲಿಕ್ಕೆ ಉಂಟಾ ಮಾರಾಯ್ತಿ? ಸುಮ್ಮನೆ ಸೈನ್ ಹಾಕು."

ಹಾಕಿದಳು.

ಪಾಟೀಸವಾಲಿನ ದಿನ ಗಂಡನ ವಕೀಲರು ಹೂವಿನ ಕಟ್ಟೆಯ ಲೆಕ್ಕದ ಚೀಟಿಗಳ ಕಂತೆಯನ್ನೇ ತಂದಿದ್ದರು. ಪ್ರತಿಯೊಂದರಲ್ಲೂ ಸುಜಾತಳ ಹೆಸರು. ನ್ಯಾಯಾಧೀಶರು ಅಫಿಡವಿಟ್ ತಿರುವಿ ನೋಡಿದರು.

"ಆದಾಯ ಇಲ್ಲ ಅಂತ ಬರೆಸಿದ್ದು ಯಾರಮ್ಮ?"

ಸುಜಾತ ನನ್ನ ಕಡೆ ನೋಡಿದಳು. ನಾನು ಫೈಲಿನಲ್ಲಿ ಏನನ್ನೋ ಹುಡುಕುವವಳಂತೆ ತಲೆ ತಗ್ಗಿಸಿದೆ. 'ತಪ್ಪು ನನ್ನದು' ಎನ್ನಲು ಎಷ್ಟು ಹೊತ್ತು ಬೇಕಿತ್ತು? ಥೂ, ಆ ಕ್ಷಣ ನೆನೆದರೆ ಇವತ್ತಿಗೂ ನನ್ನ ಮುಖ ನನಗೇ ನೋಡಲಾಗುವುದಿಲ್ಲ.

"ನಾನೇ ಸ್ವಾಮಿ" ಎಂದಳು ಸುಜಾತ.

ಮಧ್ಯಂತರ ಜೀವನಾಂಶದ ಅರ್ಜಿ ವಜಾ ಆಯಿತು. ಅರ್ಜಿದಾರಳು ಸತ್ಯ ಮರೆಮಾಚಿದ್ದಾಳೆ ಎಂದು ಆದೇಶದಲ್ಲಿ ದಾಖಲಾಯಿತು. ಮುಂದೆ ರಾಜಿ ಮಾತುಕತೆಯಲ್ಲಿ ಗಿಡಗಳ ವಿಷಯ ಎತ್ತಿದಾಗ ಗಂಡ ಅದೇ ಅಫಿಡವಿಟ್ ಮುಂದಿಟ್ಟ.

"ಕೆಲಸ ಇಲ್ಲ ಅಂತ ಇವಳೇ ಬರೆದದ್ದಲ್ವಾ? ಮತ್ತೆ ಇವಳಿಗೆ ತೋಟ ಎಂತಕ್ಕೆ?"

ಚೀಟಿ ತಂದವನೂ ಅವನೇ, ಕೆಲಸವಿಲ್ಲ ಎಂದವನೂ ಅವನೇ! ಆದರೆ ಆ ಎರಡು ನಾಲಗೆಗೆ ದಾರಿ ಮಾಡಿಕೊಟ್ಟವಳು ನಾನು. ಸುಜಾತಳಿಗೆ ಒಂದಿಷ್ಟು ಹಣ ಸಿಕ್ಕಿತು, ಜಾಗ ಅವನಿಗೇ ಉಳಿಯಿತು. ಮಳೆಗಾಲ ಮುಗಿಯುವುದರೊಳಗೆ ಗಿಡ ಕಿತ್ತು ಅಲ್ಲಿ ಟೈಲ್ಸ್ ಗೋದಾಮು ಎಬ್ಬಿಸಿದ.

ಕಾಗದಪತ್ರ ಒಯ್ಯಲು ಬಂದ ಸುಜಾತಳನ್ನು ಕೇಳಿದೆ, "ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮ ಕೆಲಸಕ್ಕೆ ತೊಂದರೆ ಅಲ್ವಾ ಅಕ್ಕ? ನನಗಾದ್ರೆ ಕೆಲಸವೇ ಇಲ್ಲ ಅಂತ ನೀವು ಬರೆದಾಗಿತ್ತು."

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಈಗ ಅಫಿಡವಿಟ್‌ನ ಉದ್ಯೋಗದ ಕಾಲಂ ಅನ್ನು ನಾನೇ ಕೂತು ತುಂಬಿಸುತ್ತೇನೆ. "ಬೆಳಗ್ಗೆ ಎದ್ದ ಮೇಲೆ ಎಂತೆಲ್ಲ ಮಾಡ್ತೀರಿ?" ಎಂದು ಕೇಳಿ, ಹೇಳಿದ್ದನ್ನೆಲ್ಲ ಬರೆಯುತ್ತೇನೆ. ಕಕ್ಷಿದಾರಳ ದುಡಿಮೆಯನ್ನು ಅಳಿಸಿ ಅವಳಿಗೆ ನ್ಯಾಯ ಕೊಡಿಸಲಾಗದು ಎಂಬುದನ್ನು ಈ ವೃತ್ತಿ ನನಗೆ ಹಾಗೆ ಕಲಿಸಿತು. ಆದರೆ ಆ ಆದೇಶದಲ್ಲಿ ಸುಳ್ಳು ಹೇಳಿದವಳ ಹೆಸರು ಇವತ್ತಿಗೂ ಸುಜಾತ ಎಂದೇ ಇದೆ.