ಕುಂಕುಮ ಹತ್ತಿದ ರಬ್ಬರು

ಸ್ಟೇಪ್ಲರ್ ಪಿನ್ನು ಹುಡುಕುತ್ತ ಇವತ್ತು ಬೆಳಿಗ್ಗೆ ಟೇಬಲ್ಲಿನ ಡ್ರಾವರ್ ಎಳೆದರೆ ಕೈಗೆ ಸಿಕ್ಕಿದ್ದು ಒಂದು ರಬ್ಬರು. ಪೆನ್ಸಿಲ್ ಗೆರೆ ಅಳಿಸುವ ಸಾದಾ ರಬ್ಬರು, ಒಂದು ಅಂಚು ಇನ್ನೂ ಕೆಂಪಗಿದೆ. ಪಿನ್ನು ಮರೆತೇಹೋಯಿತು. ನೀವು ನಗಬಹುದು, ಆದರೆ ನಮ್ಮ ಕಾರ್ಖಾನೆಯನ್ನು ಉಳಿಸಿದ್ದು ಈ ರಬ್ಬರು. ಮುಳುಗಿಸಲು ಹೊರಟವಳು ನಾನೇ.

ಕಾರ್ಖಾನೆ ಎಂದರೆ ಭಾರಿಯದೇನಲ್ಲ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲೊಂದು ತಗಡಿನ ಶೆಡ್ಡು, ಎರಡು ಲೇಥು, ಮೂಲೆಯ ಗಾಜಿನ ಕ್ಯಾಬಿನ್ನಿನಲ್ಲಿ ನಾನು ಮತ್ತು ಒಂದು ಹಳೆಯ ಕಂಪ್ಯೂಟರು. ಪಂಪಿನ ಬುಶ್ ಎಂಬ ಲೋಹದ ಬಳೆ ಕೊರೆಯುವ ಲೇಥಿಗೆ ಅಪ್ಪಣೆ ಹೋಗುವುದು ಅದರಿಂದಲೇ. ಯಾವ ಬುಶ್ಶಿಗೆ ಎಷ್ಟು ಕೊರೆತ ಎಂಬುದನ್ನು ನಮ್ಮ ಹಿರಿಯ ಮೇಸ್ತ್ರಿ ಮೆಹಬೂಬ್ ಕಾಕಾ ಬೆರಳಲ್ಲಿ ಸವರಿ, ಕಿವಿಯಲ್ಲಿ ಕೇಳಿ ಹೇಳುತ್ತಿದ್ದರು. ನಾನು ಟೈಪು ಮಾಡುತ್ತಿದ್ದೆ. ಹನ್ನೆರಡು ವರ್ಷದ ಅವರ ಕಸುಬೆಲ್ಲ ಅದರ ಸಾಫ್ಟ್‌ವೇರ್‌ನೊಳಗಿತ್ತು. ಆ ಸಾಫ್ಟ್‌ವೇರ್ ಹಾಕಿಕೊಟ್ಟವರು ಅಂಗಡಿ ಮುಚ್ಚಿ ಎಲ್ಲಿಗೋ ಹೋಗಿದ್ದರು. ಇನ್ನೊಂದು ಪ್ರತಿ ಇಟ್ಟುಕೊಳ್ಳಬಾರದಿತ್ತೇ ಎಂದು ಕೇಳಬೇಡಿ. ನಾಳೆ ಮಾಡಿದರಾಯಿತು ಎನ್ನುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಒಂದು ದಿನ ಚಹಾಕ್ಕೆ ಕ್ಯಾಬಿನ್ನಿಗೆ ಬಂದ ಕಾಕಾ ಕಪ್ಪು ಬಾಯಿಗೆ ಒಯ್ಯುತ್ತಿದ್ದವರು ಹಾಗೇ ನಿಂತರು. ಕಂಪ್ಯೂಟರಿನ ಡಬ್ಬಿಗೆ ಕಿವಿ ಹಚ್ಚಿದರು. ಅವರು ಹೇಳುವವರೆಗೆ ನನಗೆ ಏನೂ ಕೇಳಿಸಿರಲಿಲ್ಲ. ಸಣ್ಣಗೆ ಟಿಕ್, ಟಿಕ್.

"ಅಕ್ಕಾರ, ಒಳಗ ತಿರುಗೂದು ಏನೋ ಸವದೈತಿ. ಬಂದ್ ಮಾಡಬ್ಯಾಡ್ರಿ. ಬಂದ್ ಮಾಡಿದ್ರ ಮತ್ತ ಏಳೂದಿಲ್ಲ."

ಹಾರ್ಡ್ ಡಿಸ್ಕು ಸಾಯುತ್ತಿತ್ತು. ಹುಬ್ಬಳ್ಳಿಗೆ ಓಡಿದೆ. ಹೊಸ ಡಿಸ್ಕಿಗೆ ಹೊಸ ವಿಂಡೋಸ್ ಹಾಕಿಕೊಡುತ್ತೇನೆ, ಹಳೆಯದನ್ನು ಮರೆತುಬಿಡಿ ಎಂದ ಅಂಗಡಿಯವ. ಹಾಗಲ್ಲ, ವಿಂಡೋಸು, ಸಾಫ್ಟ್‌ವೇರು, ಅಳತೆ ಎಲ್ಲ ಇದ್ದದ್ದು ಇದ್ದಂತೆ ಹೋಗಬೇಕು ಎಂದೆ. ಮನೆಯಲ್ಲಿ ತಿಳಿದವರು ಯಾರಾದರೂ ಇದ್ದರೆ ಕಳಿಸಿ ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಎಸ್‌ಎಸ್‌ಡಿ ಎಂಬ ಹೊಸ ನಮೂನೆಯ ಡಿಸ್ಕು, ಅದನ್ನು ಜೋಡಿಸುವ ಕೇಬಲ್ಲು ತೆಗೆದುಕೊಂಡು, ದಾರಿಯುದ್ದಕ್ಕೂ ಬಸ್ಸಿನಲ್ಲಿ ಫೋನಿನ ವಿಡಿಯೋ ನೋಡಿ ಕಲಿಯುತ್ತ ಬಂದೆ.

ಕಾಕಾ ಎಸ್‌ಎಸ್‌ಡಿಯನ್ನು ಅಂಗೈಯಲ್ಲಿ ತೂಗಿ, ಕಿವಿಯ ಬಳಿ ಅಲುಗಿಸಿ ನೋಡಿದರು. ತಿರುಗುವುದು ಏನೂ ಇಲ್ಲದ್ದು ಮಿಷಿನ್ ಹೇಗಾದೀತೆಂದು ಅವರ ಅನುಮಾನ. ನನ್ನ ಚಿಂತೆ ಬೇರೆ. ನಮ್ಮಲ್ಲಿ ಒಂದು ಸ್ಪ್ಯಾನರ್ ಬಂದರೂ ಪೂಜೆಯಾಗದೆ ಕೆಲಸಕ್ಕೆ ಇಳಿಯುವುದಿಲ್ಲ. ವಿಭೂತಿ ಎಳೆದೆ, ಕುಂಕುಮ ಹಚ್ಚಿದೆ, ಊದಿನಕಡ್ಡಿ ಬೆಳಗಿದೆ. ಕಾಕಾ ಟೋಪಿ ಸರಿಮಾಡಿಕೊಂಡು ಕೈಕಟ್ಟಿ ನಿಂತರು. ಆಮೇಲೆ ಕೇಬಲ್ ಸಿಕ್ಕಿಸಿದೆ. ಕಂಪ್ಯೂಟರು ಅದನ್ನು ಗುರುತಿಸಲೇ ಇಲ್ಲ.

ಮತ್ತೆ ಸಿಕ್ಕಿಸಿದೆ. ಇಲ್ಲ. ಹಳೆಯ ಡಿಸ್ಕಿನ ಟಿಕ್ ಟಿಕ್ ಜೋರಾಯಿತು. ಶಿವನೇ, ಇವರ ಹನ್ನೆರಡು ವರ್ಷ ನನ್ನ ಕೈಯಲ್ಲೇ ಹೋಯಿತಲ್ಲ ಎಂದು ಅಳುವೇ ಬಂತು. ಕಾಕಾ ಮೆಲ್ಲಗೆ ಎಸ್‌ಎಸ್‌ಡಿ ಇಸಿದುಕೊಂಡು ಕನ್ನಡಕ ಏರಿಸಿದರು. ಕೇಬಲ್ ಕೂಡುವ ಹಲ್ಲುಗಳ ಮೇಲೆಯೇ ನಾನು ಭಕ್ತಿಯಿಂದ ಕುಂಕುಮ ಮೆತ್ತಿದ್ದೆ.

"ಬಾಯಿಗೇ ಬಡದೀರಿ ಅಕ್ಕಾರ. ಅದು ಉಣ್ಣೂದು ಹೆಂಗ್ರಿ?"

ಈ ರಬ್ಬರಿನಿಂದ ಒಂದೊಂದೇ ಹಲ್ಲು ಉಜ್ಜಿದರು, ಕೇಬಲ್ಲಿನ ಮೂತಿ ಊದಿದರು. ಈ ಸಲ ಗುರುತಿಸಿತು. ಹಳೆಯ ಡಿಸ್ಕಿನದೆಲ್ಲ ಹೊಸದಕ್ಕೆ ನಕಲು ಶುರು ಮಾಡಿದೆ. ಹಳೆಯದು ಕಾಯಬಾರದೆಂದು ಕಾಕಾ ಟೇಬಲ್ ಫ್ಯಾನ್ ತಂದು ಅದರ ಮುಂದಿಟ್ಟು, ಮುಗಿಯುವವರೆಗೆ ಕದಲಲಿಲ್ಲ. ಕೊನೆಗೆ ಕಂಪ್ಯೂಟರ್ ಬಂದ್ ಮಾಡಿ, ಹಳೆಯದನ್ನು ಬಿಚ್ಚಿ, ಹೊಸದನ್ನು ಕೂರಿಸಿ ಗುಂಡಿ ಒತ್ತಿದೆ. ನಾನು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪರದೆ ಬೆಳಗಿತು. ಎಲ್ಲ ಇದ್ದಲ್ಲೇ ಇತ್ತು. ಕಾಕಾ ಪರದೆಯನ್ನು ನಂಬುವವರಲ್ಲ. ಒಂದು ಬುಶ್ ಕೊರೆಸಿ, ಮೈಕ್ರೋಮೀಟರ್ ಹಿಡಿದು ನೋಡಿ, ಅದನ್ನು ಬಿಸಿಬಿಸಿಯಾಗಿಯೇ ನನ್ನ ಕೈಗಿಟ್ಟರು.

"ಕೂದಲೆಳೆಯಷ್ಟೂ ಫರಕ್ ಇಲ್ಲ. ಖರೇ ಮೇಸ್ತ್ರಿ ಆದ್ರಿ ನೋಡ್ರಿ."

ನಾನು ಬೀಗಿದೆ, ಯಾಕೆ ಸುಳ್ಳು ಹೇಳಲಿ. ಆ ಮಾತನ್ನು ಅವರು ಸುಮ್ಮನೆ ಯಾರಿಗೂ ಅಂದವರಲ್ಲ. ಈಗ ಅವರು ಕೆಲಸ ಬಿಟ್ಟು ಹುಬ್ಬಳ್ಳಿಯ ಮನೆಯಲ್ಲಿ ಆರಾಮಾಗಿದ್ದಾರೆ.

ಇವತ್ತು ರಬ್ಬರು ಕೈಯಲ್ಲಿರುವಾಗಲೇ ಆಚೆ ರಸ್ತೆಯ ಶೆಡ್ಡಿನ ಮಾಲೀಕರ ಫೋನು ಬಂತು. ಕಂಪ್ಯೂಟರು ತಡವರಿಸುತ್ತಿದೆಯಂತೆ, ಬಂದ್ ಮಾಡಿ ಚಾಲೂ ಮಾಡಲೇ ಎಂದರು. ಫೋನನ್ನು ಡಬ್ಬಿಯ ಹತ್ತಿರ ಹಿಡಿಯಲು ಹೇಳಿ ಕಣ್ಣು ಮುಚ್ಚಿ ಕೇಳಿದೆ. ಅವರಿಗೆ ಇನ್ನೂ ಕೇಳಿಸದ್ದು ನನಗೆ ಕೇಳಿಸಿತು.

"ಬಂದ್ ಮಾಡಬ್ಯಾಡ್ರಿ. ಬಂದ್ ಮಾಡಿದ್ರ ಮತ್ತ ಏಳೂದಿಲ್ಲ," ಎಂದೆ.

ತಿಳಿದವರನ್ನು ಯಾರನ್ನಾದರೂ ಕರೆದುಕೊಂಡು ಬರುತ್ತೀರಾ ಎಂದು ಅವರು ಕೇಳಿದರು. ರಬ್ಬರನ್ನು ಪರ್ಸಿಗೆ ಹಾಕಿಕೊಂಡೆ.

"ನಾನೇ ಬರಾಕತ್ತೇನ್ರಿ. ಹೊಸಾ ಡಿಸ್ಕ್ ತರಿಸಿ ಇಡ್ರಿ. ಅದರ ಪೂಜಾ ಮಾತ್ರ ನಾ ಬರೂತನಕ ಮಾಡಬ್ಯಾಡ್ರಿ."