ಒಕ್ಕಣ್ಣ ನೀಲಿ ಮಾಡಿದ ಪಿಸ್ತೂಲು

ನನ್ನ ಗೆಳೆಯನಿಗೆ ಎರಡು ಕಣ್ಣೂ ಚೆನ್ನಾಗಿದ್ದವು. ಆದರೂ ಬೀದಿಯವರೆಲ್ಲ ಅವನನ್ನು ಒಕ್ಕಣ್ಣ ಎಂದೇ ಕರೆಯುತ್ತಿದ್ದರು. ಗಡಿಯಾರ ರಿಪೇರಿಯವನು, ಬಲಗಣ್ಣಿಗೆ ಸಿಕ್ಕಿಸಿಕೊಂಡ ಮಸೂರವನ್ನು ಊಟಕ್ಕೆ ಕೂತಾಗಲೂ ತೆಗೆಯಲು ಮರೆಯುತ್ತಿದ್ದ. “ತಟ್ಟೇಲಿ ಕಲ್ಲು ಹುಡುಕ್ತಿದೀರಾ?” ಎಂದು ಹೆಂಡತಿ ಛೇಡಿಸಿದರೆ, “ಸಿಕ್ಕಿದ್ರೆ ನಿನಗೇ ಕೊಡ್ತೀನಿ, ಉಂಗುರಕ್ಕೆ ಹಾಕಿಸ್ಕೋ” ಎನ್ನುತ್ತಿದ್ದ.

ಈಗ ಅವನಿಲ್ಲ. ಒಂದು ದಿನವೂ ಹಾಸಿಗೆ ಹಿಡಿಯದೆ ಹೊರಟುಹೋದ. ಅಂಗಡಿಯ ಬಾಗಿಲು ಮುಚ್ಚಿದೆ ಎಂದು ಗೊತ್ತಿದ್ದೂ ಅಲ್ಲಿಗೆ ಬಂದಾಗ ನನ್ನ ಕಾಲು ನಿಧಾನವಾಗುತ್ತದೆ.

ಅವನ ಕಪಾಟಿನಲ್ಲಿ ಒಂದು ಪಿಸ್ತೂಲಿತ್ತು. ಜರ್ಮನ್ ಸೈನ್ಯದ್ದು, ಅಜ್ಜ ಯುದ್ಧದಿಂದ ತಂದದ್ದು ಎಂದು ಮನೆಯ ಮಾತು. ಪರವಾನಗಿ ಇವನ ಹೆಸರಿಗಿದ್ದುದರಿಂದ ಇನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಅಸಲಿಯೆಂದು ಖಚಿತವಾದರೆ ವಸ್ತುಸಂಗ್ರಹಾಲಯದವರು ಅಜ್ಜನ ಹೆಸರಿನಲ್ಲಿ ಇಡುತ್ತಾರೆ. ಇಲ್ಲವಾದರೆ ಕುಲುಮೆಗೆ ಹೋಗಿ ಕರಗುತ್ತದೆ. ಠಾಣೆಗೆ ತಿಳಿಸಿ, ಅತ್ತಿಗೆಯೂ (ಅವನ ಹೆಂಡತಿಯನ್ನು ನಾನು ಕರೆಯುವುದು ಹಾಗೆ) ನಾನೂ ಅದನ್ನು ಬಂದೂಕಿನ ಅಂಗಡಿಗೆ ಒಯ್ದೆವು.

ಅಂಗಡಿಯವರು ಗುಂಡಿಲ್ಲವೆಂದು ನೋಡಿಕೊಂಡು, ಬಿಡಿಭಾಗಗಳನ್ನೆಲ್ಲ ಕಳಚಿ ಬಟ್ಟೆಯ ಮೇಲೆ ಹರಡಿದರು.

“ಹಿಡಿ ಓರೆಯಾಗಿದೆ. ಮೇಲೆ ಮೊಣಕಾಲಿನ ಹಾಗೆ ಮಡಚೋ ಕೀಲು. ಮಾದರಿ ಅದೇ, ಅನುಮಾನ ಇಲ್ಲ” ಎಂದರು. ಚೌಕಟ್ಟಿನ ಮೇಲಿದ್ದ ಸಂಖ್ಯೆಯ ಕೊನೆಯ ಎರಡು ಅಂಕಿಗಳು ಪ್ರತಿಯೊಂದು ಸಣ್ಣ ಭಾಗದ ಮೇಲೂ ಇದ್ದವು. “ಎಲ್ಲ ಒಂದೇ ತಾಯಿ ಮಕ್ಕಳು!”

ಅತ್ತಿಗೆಯ ಮುಖ ಅರಳಿತು. ಅಷ್ಟರಲ್ಲಿ ಅಂಗಡಿಯವರು ಹುಬ್ಬು ಗಂಟಿಕ್ಕಿ ಟ್ರಿಗರನ್ನು ಬೆಳಕಿಗೆ ಹಿಡಿದರು.

“ಇದು ಒಣಹುಲ್ಲಿನ ಬಣ್ಣ ಇರ್ಬೇಕಲ್ಲಮ್ಮಾ. ಇದೇನು ನವಿಲಿನ ಕತ್ತಿನ ಹಾಗಿದೆ? ನಂಬರು ಅಸಲಿ ಅನ್ನುತ್ತೆ, ಬಣ್ಣ ನಕಲಿ ಅನ್ನುತ್ತೆ. ಯಾರ ಮಾತು ಕೇಳೋಣ?”

“ಅಯ್ಯೋ, ಅದು ನಮ್ಮನೆಯವರ ಕೆಲಸ” ಎಂದರು ಅತ್ತಿಗೆ. “ಯಾವನೋ ಸೋಮಾರಿ ಹಳದೀಲೇ ಇಳಿಸ್ಬಿಟ್ಟಿದ್ದಾನೆ ಅಂತ ಬೈಕೊಂಡು, ಸ್ಪಿರಿಟ್ ದೀಪ ಹಚ್ಚಿ ಕಾಯಿಸ್ತಾ ಕೂತಿದ್ರು.”

ಉಕ್ಕನ್ನು ಸಣ್ಣ ಉರಿಯಲ್ಲಿ ಕಾಯಿಸಿದರೆ ಮೊದಲು ಹುಲ್ಲುಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಗಡಿಯಾರದವರು ತಿರುಪುಗಳನ್ನು ನೀಲಿ ಬರುವವರೆಗೂ ಕಾಯಿಸುತ್ತಾರೆ. ಹಳದಿಗೇ ತೆಗೆದದ್ದು ಅವರ ಕಣ್ಣಿಗೆ ಅರೆಬೆಂದದ್ದು. ಪಿಸ್ತೂಲು ಮಾಡಿದವರಿಗೆ ಹಳದಿಯೇ ಬೇಕಾಗಿತ್ತು ಎಂಬುದು ಒಕ್ಕಣ್ಣನಿಗೆ ಹೊಳೆಯಲೇ ಇಲ್ಲ.

ಅಂಗಡಿಯವರು ತಲೆ ಮೇಲೆ ಕೈಯಿಟ್ಟುಕೊಂಡರು. “ಎಂಥ ಪುಣ್ಯಾತ್ಮ! ಅಸಲಿಯೇ ಅಮ್ಮಾ. ಆದ್ರೆ ಇದರ ಬೆಲೆ ಇದ್ದದ್ದೇ ಯಾರೂ ಕೈಯಾಡಿಸದೆ ಬಿಟ್ಟಿದ್ರಲ್ಲಿ. ಈಗ ಅರ್ಧಕ್ಕೂ ಬಾಳಲ್ಲ. ಸಂಗ್ರಹಾಲಯದವರೂ ಹೀಗೇ ತಗೊಳ್ಳೋದು ಕಷ್ಟ, ಆಗ ಹೇಗಿತ್ತೋ ಹಾಗೇ ಕಾಣ್ಬೇಕು ಅಂತಾರೆ. ನೀಲಿ ಉಜ್ಜಿ ತೆಗೆದು ಮತ್ತೆ ಹಳದಿಗೆ ಕಾಯಿಸ್ಬಹುದು. ಮೊದಲಿನ ಬಣ್ಣ ಬರಲ್ಲ. ಮತ್ತೆ ಮಾಡಿದ್ದು ಅಂತ ತಿಳಿಸಿ ಕೊಟ್ರೆ ಒಪ್ತಾರೆ.”

ಅತ್ತಿಗೆ ಟ್ರಿಗರನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಎಲ್ಲೂ ಒಂದು ಕಲೆಯಿಲ್ಲ, ಅಂಚಿನವರೆಗೂ ಒಂದೇ ನೀಲಿ. ಇಷ್ಟು ಚೆಂದವಾಗಿ ಕೆಡಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

“ಅವರ ಕೈಕೆಲಸ ಅಂತ ಹಾಗೇ ಬಿಟ್ರೆ ಅಜ್ಜನ ವಸ್ತು ಕರಗಿಹೋಗುತ್ತೆ. ಅದು ಉಳೀಲಿ ಅಂದ್ರೆ ನಮ್ಮನೆಯವರ ಕೆಲಸ ಉಜ್ಜಿ ತೆಗೀಬೇಕು. ನೀವಾದ್ರೂ ಏನಾದ್ರೂ ಹೇಳಿ.”

ಅವನು ಮಾಡಿದ್ದು ತಪ್ಪೋ, ಕುಶಲತೆಯೋ? ಎರಡೂ ಆಗಿದ್ದರೆ ಉಜ್ಜುವಾಗ ಹೋಗುವುದು ಯಾವುದು?

ಅತ್ತಿಗೆ ಟ್ರಿಗರನ್ನು ಬಟ್ಟೆಯ ಮೇಲಿಟ್ಟು, “ಉಜ್ಜಿ” ಎಂದರು.

ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಸ್ವಲ್ಪ ದೂರ ನಡೆದ ಮೇಲೆ ಅತ್ತಿಗೆ, “ಅವರಿದ್ದಿದ್ರೆ ಬೇಜಾರಾಗ್ತಿತ್ತಾ?” ಎಂದು ಕೇಳಿದರು. ಇಲ್ಲ ಎಂದೆ. ಮರುಕ್ಷಣವೇ, ಆಗ್ತಿತ್ತೇನೋ ಎಂದೆ. ಮಾತಿನ ಗೊಂದಲದಲ್ಲಿ ನಮ್ಮ ಬಸ್ಸು ಎದುರಿಗೇ ಹಾದುಹೋಯಿತು. ಇಬ್ಬರೂ ಕೈ ಅಡ್ಡ ಹಿಡಿಯಲಿಲ್ಲ.